ಬೀಗವಿಲ್ಲದ ಡಬ್ಬಿ

ಫಹಾಹೀಲಿನ ಮೂರನೇ ಮಹಡಿ. ಒಂದೇ ಒಲೆ, ಹನ್ನೊಂದು ಜನ.
ಹಾಲಿನ ಪುಡಿಯ ಖಾಲಿ ಡಬ್ಬಿಯೇ ನಮ್ಮ ಸಂಘದ ಖಜಾನೆ.
ರಸ್ಕಿನ ರಟ್ಟಿನ ಬೆನ್ನಿಗೆ ನಿಯಮ ಬರೆದವನು ನಾನು,
ಅಕ್ಷರ ದುಂಡಗಿದೆಯೆಂದು.

ಒಂದು: ಡಬ್ಬಿಗೆ ಬೀಗ ಬೇಡ.
(ಏಳು ಕೈ ಮೇಲೆ, ನಾಲ್ಕು ತೊಡೆಯ ಮೇಲೆ.)
ಎರಡು: ತೆಗೆದವನೇ ಬರೆಯಬೇಕು.
ಮೂರು: ಎಷ್ಟೆಂದು ಕೇಳಬಹುದು, ಯಾಕೆಂದು ಕೇಳಕೂಡದು.
ನಾಲ್ಕನೆಯದಕ್ಕೆ ಎಣ್ಣೆ ಸಿಡಿದು ಈಗ ಓದಲಾಗುವುದಿಲ್ಲ;
ಆದರೂ ಪಾಲಿಸುತ್ತೇವೆ.

ಕಂಪನಿ ಎರಡು ತಿಂಗಳ ಸಂಬಳ ತಡೆದಾಗ
ಲೆಕ್ಕದಲ್ಲಿ ಹದಿನೆಂಟು ದಿನಾರು ಕಡಿಮೆ.
ಎ.ಸಿ.ಯ ನೀರು ಬಕೆಟ್ಟಿಗೆ ತೊಟ್ಟಿಕ್ಕುವುದನ್ನು
ಎಣಿಸುತ್ತ ಕೂತೆವು.
‘ತಲೆಗಿಷ್ಟು ಅಂತ ತುಂಬಿಬಿಡುವ, ಮರ್ಯಾದೆ ಉಳೀತದೆ’ ಎಂದ ಲಸ್ರಾದೊ.
ಕ್ರೇನಿನ ಮಯ್ಯದ್ದಿ ತಟ್ಟೆ ಸರಿಸಿದ:
‘ಬೇಡ ಮಾರಾಯ. ನಾವು ತುಂಬಿದರೆ
ಅವನು ವಾಪಸು ಬರುವ ದಾರಿ ಮುಚ್ತದೆ.
ಒಂದು ಸಾಲು ಖಾಲಿ ಬಿಡು.’

ಬಿಟ್ಟೆ.
ಆ ತಿಂಗಳು ಮೀನಿಲ್ಲ. ಬೇಳೆ, ಖುಬ್ಬೂಸು, ಬೇಳೆ.
ಯಾರೂ ಯಾರ ಹಾಸಿಗೆಯನ್ನೂ ಎತ್ತಿ ನೋಡಲಿಲ್ಲ.
ಸುಳ್ಳೇಕೆ, ನಾನೊಮ್ಮೆ ಎತ್ತಿದೆ, ಯಂಕಪ್ಪನದು.
ಇದ್ದದ್ದು ಮಗಳ ಎಕ್ಸ್‌ರೇ. ಹಾಗೇ ಇಳಿಸಿದೆ.
ನಿಯಮ ಮುರಿದವನು ಹಾಗಾದರೆ ಯಾರು?

ಏಳನೇ ತಿಂಗಳು, ಧೂಳುಗಾಳಿಯ ಒಂದು ಬೆಳಗ್ಗೆ,
ಖಾಲಿ ಸಾಲಿನಲ್ಲಿ ಎಡಗೈಯ ಬರಹ: ಹದಿನೆಂಟು.
ಡಬ್ಬಿಗೆ ಬಿದ್ದದ್ದು ಹದಿನೆಂಟೂಕಾಲು.

ಕಡಿಮೆಯಾದಾಗ ತುಟಿ ಬಿಚ್ಚದವರು
ಹೆಚ್ಚಾದ ಆ ಇನ್ನೂರೈವತ್ತು ಫಿಲ್ಸಿಗೆ
ನಡುರಾತ್ರಿವರೆಗೆ ಜಗಳವಾಡಿದೆವು.
ಯಾವ ಕಾಲಮ್ಮಿಗೆ ಬರೆಯುವುದು?
ಬಡ್ಡಿ ಎಂದರೆ ಮಯ್ಯದ್ದಿ ಒಪ್ಪ,
ದಾನ ಎಂದರೆ ಕೊಟ್ಟವನೇ ಒಪ್ಪಲಿಕ್ಕಿಲ್ಲ.

ಕೊನೆಗೆ ಕೊತ್ತಂಬರಿ ತಂದೆವು.
ಬೇಳೆಗೆ ಹಾಕಿದೆವು, ಬರೆಯಲಿಲ್ಲ.