ಅಬ್ಬಿ ಪೈಪು

ಹುಲಿಕಲ್ ಘಾಟಿಯ ತಿರುವಿನಲ್ಲಿ
ಟ್ಯಾಂಕರ್ ಮಗುಚಿದ್ದು ರಾತ್ರಿ ಎರಡಕ್ಕೆ.
ನಮಗೆ ಗೊತ್ತಾದದ್ದು ಬೆಳಿಗ್ಗೆ, ಕಾಫಿಯಲ್ಲಿ.

ಅರ್ಧ ಮೈಲಿ ಕಪ್ಪು ಪೈಪು,
ಅಪ್ಪ ಗುಡ್ಡದ ಅಬ್ಬಿಯಿಂದ ಬಚ್ಚಲ ತನಕ ಎಳೆದದ್ದು.
ಕರೆಂಟು ಬೇಡ, ಬಿಲ್ಲು ಬೇಡ, ಇಳಿಜಾರೇ ಸಾಕು
ಅಂತ ಬೀಗುತ್ತಿದ್ದ,
ವರ್ಷಕ್ಕೊಮ್ಮೆ ಅಬ್ಬಿಯ ಬಾಯಲ್ಲಿ ಕಾಯಿ ಒಡೆಯುತ್ತಿದ್ದ.
ಅದೇ ಇಳಿಜಾರಿನಲ್ಲಿ ಡೀಸೆಲ್ಲೂ ಇಳಿದು ಬಂತು.

ಬಾನಿಯ ನೀರ ಮೇಲೆ ನವಿಲುಬಣ್ಣ.
ಸಣ್ಣವಳು ಬೆರಳದ್ದಿ ‘ಚಂದ’ ಅಂದಳು.
ಹಳ್ಳದ ಏಡಿಗಳು ಕಲ್ಲು ಹತ್ತಿ ಕೂತಿದ್ದವು
ಬಸ್ಸಿಗೆ ಕಾದವರ ಹಾಗೆ.

ಮೇಲೆ ಊರಿಗೆ ಊರೇ ಬಗ್ಗಿ ಮೊಗೆಯುತ್ತಿತ್ತು.
ದುಗ್ಗಮ್ಮ ಹಾಲಿನ ಕ್ಯಾನು ತಂದಿದ್ದಳು.
ನಾನೂ ಎರಡು ಕೊಡಪಾನ ತುಂಬಿದೆ, ಸುಳ್ಳು ಯಾಕೆ.
ಡ್ರೈವರ್ ಸೇಲಂನವನು, ಹಣೆಗೆ ಟವೆಲ್ ಒತ್ತಿಕೊಂಡು
ತಮಿಳಿನಲ್ಲಿ ಏನೋ ಹೇಳುತ್ತಲೇ ಇದ್ದ
ನಮ್ಮ ಬೆನ್ನುಗಳಿಗೆ.

ಮಧ್ಯಾಹ್ನ ಅರ್ಜಿ ಬರೆದೆವು.
ಹೊಸನಗರಕ್ಕೆ ಒಯ್ಯಲು ಪುರಂದರನ ಜೀಪು.
ಡೀಸೆಲ್?
ಎಲ್ಲರೂ ನನ್ನ ಕೊಡಪಾನ ನೋಡಿದರು.

ಇಲಾಖೆಯವರು ಎರಡು ಬಾಟಲಿ ನೀರು ಸೀಲು ಹಾಕಿ ಒಯ್ದರು.
ಅವರ ಫೋನಿಲ್ಲ.
ದಿನ ಬಿಟ್ಟು ದಿನ ಪಂಚಾಯ್ತಿಯ ನೀರಿನ ಟ್ಯಾಂಕರ್ ಬರುತ್ತದೆ
ಫಸ್ಟ್ ಗೇರಿನಲ್ಲಿ ಏದುತ್ತ, ಹೊಗೆ ಕಾರುತ್ತ.
ಅದೇ ಕೊಡಪಾನ ಹಿಡಿದು ಓಡುತ್ತೇನೆ.
ಹುಣಸೆ, ಬೂದಿ, ಸೀಗೆ, ಎಲ್ಲ ಹಾಕಿ ತಿಕ್ಕಿದ್ದೇನೆ;
ಹೋಗಿಲ್ಲ.

ಪೈಪೂ ಎಣ್ಣೆಯದೇ ಕೂಸಂತೆ,
ಸಣ್ಣವಳ ಪಾಠದಲ್ಲಿದೆ.
ಅದರ ಬಾಯಿಯನ್ನು ಚರಂಡಿಗೆ ತಿರುಗಿಸಿದ್ದೇವೆ.
ಹರಿಯುತ್ತಲೇ ಇದೆ ಹಗಲೂ ರಾತ್ರಿ.
ಇವತ್ತೂ ಬಗ್ಗಿ ನೋಡಿದೆ,
ತುಸು ನವಿಲುಬಣ್ಣ.