ತಾವ್ಯಾರೆಂದು ಕೇಳುವ ಪದ್ಧತಿ

ಸಮುದ್ರದಾಚೆಯ ನಾಟಕ, ಮೂರು ಅಂಕ,
ಅನುವಾದದ ಅನುವಾದ, ನಡುವೆ ಎರಡು ಹಾಳೆ ಕಾಣೆ.
ಶಹಾಬಾದಿನ ರದ್ದಿ ಅಂಗಡಿಯಲ್ಲಿ
ಕಿಲೋಗೆ ಹನ್ನೆರಡರಂತೆ ತೂಗಿಸಿ ತಂದೆ.
ಅದರೊಳಗೊಬ್ಬಾಕಿ,
ಬಂದರದ ದೀಪ ಕಾಯುವವಳು.
ಒಂದು ರಾತ್ರಿ ದೀಪ ಹಚ್ಚುವುದಿಲ್ಲ.
ಹಡಗು ಒಡೆಯುತ್ತದೆ.
ಯಾಕೆ ಹಚ್ಚಲಿಲ್ಲ ಅಂತ ಊರಿಗೆ ಊರೇ ಕೇಳುತ್ತದೆ.
ಅವಳು ಮಾತಾಡುವುದಿಲ್ಲ. ಹೊರಗೆ ಹಿಮ. ಪರದೆ.

ಸಿದ್ರಾಮ ಮಾಸ್ತರ ಬೀಡಿ ಆರಿಸಿ ಕೇಳಿದ:
"ಕಡೀಕ ಯಾರನ್ನ ಕೊಲ್ತಾಳ?"
ಯಾರನ್ನೂ ಇಲ್ಲ ಮಾಸ್ತರ.
"ದೇವರು ಬರ್ತಾನೇನು?"
ಇಲ್ಲ.
"ಮತ್ತ ಮಂಗಳ ಯಾರಿಗಿ ಹಾಡಾದು?"

ಆದರೂ ಕೂತೆ. ಬಂದರ ಹೋಗಿ ಕಾಗಿಣಾ ಬಂತು,
ಹಡಗು ಹರಿಗೋಲಾಯಿತು,
ನ್ಯಾಯಾಧೀಶ ಮಳಖೇಡದ ಕಡೆಯ ಯಾವನೋ ರಾಜ.
ಕೈಗೊಂದು ಗದೆ ಕೊಟ್ಟೆ,
ಇಲ್ಲದಿದ್ದರೆ ಅಂಬಾರಾಯ ಪಾತ್ರ ಒಪ್ಪುತ್ತಿರಲಿಲ್ಲ.
ಎರಡನೇ ಅಂಕದ ಪಿಸುಮಾತು
ಆಚೆ ಓಣಿಗೂ ಕೇಳುವ ಪಿಸುಮಾತಾಯಿತು.
ಪ್ರವೇಶಕ್ಕೊಂದು ಕುಣಿತ, ಕುಣಿತದ ಬೆನ್ನಿಗೆ ಸಾರಥಿ,
ಸಾರಥಿಯ ಆ ಹಳೇ ಪ್ರಶ್ನೆ:
ತಾವ್ಯಾರು, ಯಾವ ದೇಶ, ಬಂದ ಕಾರಣವೇನು?
ಹೆಸರು ಹೇಳದೆ ನಮ್ಮ ಅಟ್ಟದ ಮೇಲೆ
ಯಮನೂ ನಿಲ್ಲುವಂತಿಲ್ಲ.

ಇವಳಿಗೆ ಹೆಸರೇ ಇಲ್ಲ.
ಕಳೆದ ಎರಡು ಹಾಳೆಯಲ್ಲಿ ಇತ್ತೋ ಏನೋ.
ಪುಸ್ತಕದಲ್ಲಿ ಹತ್ತೊಂಬತ್ತು ಕಡೆ
'ಸುಮ್ಮನಿರುತ್ತಾಳೆ' ಎಂದಿತ್ತು.
ಹದಿನೆಂಟಕ್ಕೆ ಪದ ಕಟ್ಟಿದೆ, ಕಂದ, ದ್ವಿಪದಿ, ಭಾಮಿನಿ,
ಅತ್ತಳು, ಬೈದಳು, ಗಿಳಿಗೆ ಹೇಳಿಕೊಂಡಳು.
ಹತ್ತೊಂಬತ್ತನೆಯದಕ್ಕೆ ಪೆನ್ನು ಏಳಲಿಲ್ಲ.

ಹಿಮದ್ದು ಬೇರೆಯೇ ಫಜೀತಿ.
ಮೇ ತಿಂಗಳು, ನಡುರಾತ್ರಿಗೂ ಕಟ್ಟೆ ಸುಡುವ ಊರು.
"ಬಿಳೇದು ಬೇಕಲ್ಲ? ನಮ್ಮಲ್ಲಿ ಏನ್ ಕಮ್ಮಿ ಅದ?"
ಎಂದ ಲಾಡ್ಲೇಸಾಬ.
ಹಗಲು ಫರಸಿ ಪಾಲಿಶ್ ಹೊಡೆಯುವವನು, ರಾತ್ರಿ ನಮ್ಮ ದೀಪದಾಕಿ.
ಇಪ್ಪತ್ತು ವರ್ಷದ ಮೀಸೆ ಬೋಳಿಸಿ ಮನೆಗೆ ಹೋದರೆ
ಮೊಮ್ಮಗಳು ಗುರುತು ಸಿಗದೆ ಅತ್ತಳಂತೆ.
ಎರಡು ಚೀಲ ಕಲ್ಲಿನ ಹಿಟ್ಟು ಹೊತ್ತು ತಂದ.

ಆಟದ ರಾತ್ರಿ, ಗಣಪತಿ ಸ್ತುತಿಗೇ ಹನ್ನೊಂದು ಹೊಡೆಯಿತು.
ಅಂಬಾರಾಯ ಅರ್ಧ ತಾಸು ಗದೆ ತಿರುವಿದ, ಸೀಟಿ ಬಿದ್ದವು.
ಮೂರರ ಹೊತ್ತಿಗೆ ಅವಳು ಬಂದಳು,
ಹಚ್ಚದ ಕಂದೀಲು ಕೈಯಲ್ಲಿ. ಕುಣಿಯಲಿಲ್ಲ.
ಸಾರಥಿ ಭೀಮಶಾ ಪದ್ಧತಿ ಬಿಡುವವನಲ್ಲ:
"ಭಳಿರೇ ನಾರೀಮಣಿ, ತಾವ್ಯಾರು?"
ಮದ್ದಳೆ ಒಂದು ಆವರ್ತ ಕಾಯಿತು.
"ತಾವ್ಯಾರು?"
ಹುಡುಗರು ಮೇಲಿಂದ ಜರಡಿ ಅಲ್ಲಾಡಿಸಿದರು.
ಹಿಟ್ಟು ಇಳಿಯಿತು, ಬಾಡಿಗೆ ಜಡೆಯ ಮೇಲೆ, ರೆಪ್ಪೆಯ ಮೇಲೆ.
ಮುಂದಿನ ಸಾಲಲ್ಲಿ ಯಾರೋ ಕೆಮ್ಮಿದರು,
ಹಿಂದೆ ಇನ್ನೊಬ್ಬರು, ಆಮೇಲೆ ಬಹಳ ಜನ.
ಅದು ಏನೆಂದು ಬಿಡಿಸಿ ಹೇಳಬೇಕಿರಲಿಲ್ಲ
ಗಂಡನ ಅಂಗಿ ಜಾಡಿಸಿದ ಹೆಂಗಸರಿಗೆ,
ಎದೆಯ ಫೋಟೋ ತೆಗೆಸಿ ಬಂದ ಗಂಡಸರಿಗೆ.
ಹಿಮ ಎಂಬ ನನ್ನ ಪದ
ನನ್ನ ನೋಟುಬುಕ್ಕಿನಲ್ಲೇ ಉಳಿಯಿತು.

"ತಾವ್ಯಾರು?" ಮೂರನೇ ಸಲ.
ಭೀಮಶಾನ ದನಿಯಲ್ಲಿ ನಾನು ಬರೆಯದ ನಡುಕ.
ಆಗ ಎದ್ದಳು ಮಹಾಂತಮ್ಮ,
ತೊಡೆಯ ಮೇಲಿನ ಕೂಸನ್ನು ಪಕ್ಕದವಳಿಗೆ ದಾಟಿಸಿ:
"ಈಗ್ಯಾಕ ಕೇಳ್ತೀಯೋ ಸಾರಥಿ!
ದಿನಾ ದೀಪ ಹಚ್ಚುವಾಗ ಕೇಳಿದ್ದೇನು,
ನೀ ಯಾರವ್ವಾ ಅಂತ?"

ಇದು ಪುಸ್ತಕದಲ್ಲಿ ಇಲ್ಲ. ನಾನು ಕಟ್ಟಿದ್ದೂ ಅಲ್ಲ.
ಲಾಡ್ಲೇಸಾಬ ಸೆರಗು ಸರಿಮಾಡಿಕೊಂಡು
ಕಂದೀಲಿನ ಪಕ್ಕ ಕೂತ. ಅಷ್ಟೇ.
ಮಾಸ್ತರ ಮಂಗಳಕ್ಕೆ ತಾಳ ಎತ್ತಿದ,
ಇಳಿಸಿದ, ಮತ್ತೆ ಎತ್ತಿದ.
ವಾಡಿ ಕಡೆಯ ಗಾಡಿ ಕೂಗಿ ಹೋಯಿತು.

ಬೆಳಿಗ್ಗೆ ವೇಷ ಮರಳಿಸುವಾಗ ಬಾಡಿಗೆಯವನು
ಧೂಳಿನ ಬಾಬ್ತು ನೂರೈವತ್ತು ಹಿಡಿದುಕೊಂಡ.
ಲಾಡ್ಲೇಸಾಬ ಎಂಟರ ಪಾಳಿಗೆ ಹೋಗಿಬಿಟ್ಟಿದ್ದ,
ಕಣ್ಣಿಗೆ ಕಾಡಿಗೆ ಹಾಗೇ ಇತ್ತಂತೆ.