ಕೇಳಿದ್ದು

ಸೆಷನ್ಸ್ ಕೋರ್ಟು. ಫ್ಯಾನಿನ ಸದ್ದಿಗೆ
ಜಡ್ಜು ಎರಡು ಸಲ ‘ಜೋರಾಗಿ’ ಅಂದರು.
ನಾನು ದುಭಾಷಿ. ದಿನಕ್ಕೆ ಇನ್ನೂರೈವತ್ತು ಭತ್ಯೆ,
ಲೋಕಲ್ಲಿನ ಖರ್ಚು ನನ್ನದೇ.

ಸಾಕ್ಷಿ ನಂಬರು ಹದಿನೇಳು: ಗುರುಬಾಯಿ,
ಆಳಂದದ ಕಡೆಯವಳು. ಲಾಲ್‌ಬಾಗಿನ ಆ ಚಾಳಿನಲ್ಲಿ
ಇಪ್ಪತ್ತೆರಡು ವರ್ಷ ಮೆಟ್ಟಿಲು ಗುಡಿಸಿದವಳು,
ಮೆಟ್ಟಿಲ ಕೆಳಗೇ ಮಲಗಿದವಳು.
ಮರಾಠಿ ಬರುತ್ತದೆ, ತರಕಾರಿಗಾಗುವಷ್ಟು.
ಕೊಲೆಗಾಗುವಷ್ಟು ಬರುವುದಿಲ್ಲ.

ಉಜ್ವಲಾ ಘಾಡಿಗಾಂವ್ಕರ್, ಖೋಲಿ ಮೂವತ್ತೊಂದು.
ರಾತ್ರಿ ಒಂದೂವರೆಯಿಂದ ಎರಡೂಕಾಲರವರೆಗೆ.
ಒಬ್ಬರ ಒಗ್ಗರಣೆಗೆ ಇನ್ನೊಬ್ಬರು ಸೀನುವ ವರಾಂಡ ಅದು.
ಟೀವಿ ಅಂದುಕೊಂಡೆವು, ಅಂದರು.
ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ, ಅಂತಾರಲ್ಲ,
ಎಲ್ಲರೂ ಉಂಡು ಮಲಗಿದ ಮೇಲೂ ನಡೆದಿತ್ತು.
ಮೇಲಿನವರು ಹೋಗಿರಬೇಕು, ಅಂದರು ಕೆಳಗಿನವರು.

ನಾಲ್ಕೂಕಾಲಿಗೆ ನಳಕ್ಕೆ ನೀರು ಬಂತು.
ಸಾಲಿನಲ್ಲಿ ಅವಳ ಹಳದಿ ಕೊಡ ಆರನೆಯದು.
ಸಾಲು ಸರಿದಂತೆ ಯಾರದೋ ಕಾಲು
ಅದನ್ನೂ ಮುಂದೆ ಮುಂದೆ ತಳ್ಳಿತು, ನ್ಯಾಯವಾಗಿ.
ಸರದಿ ಬಂದಾಗ
ಯಾರೋ ತುಂಬಿಸಿಯೂ ಇಟ್ಟರು.

“ಬಾಗಲ ಮುಂದ ನಿಂತ ಕೇಳೀನ್ರಿ,” ಅಂದಳು ಗುರುಬಾಯಿ.
ನಾನು ಅಂದೆ: ದಾರಾಪಾಶೀ ಉಭೀ ರಾಹೂನ್ ಐಕಲಂ.
ಟೈಪಿಸ್ಟಿನ ಬೆರಳು ಓಡಿತು.
ಹೆಬ್ಬೆಟ್ಟು ಒತ್ತಿಸಿಕೊಂಡರು.

ಆಮೇಲೆ ಕಾರಿಡಾರಿನಲ್ಲಿ,
ವಡಾಪಾವಿನ ಕಾಗದ ನಾಲ್ಕು ಮಡಿಕೆ ಮಡಿಚುತ್ತ:
“ಬಾಗಲಾ ಬಡದು ಕೇಳಿದೆ, ಏನಾತ್ ಬಾಯಿ ಅಂತ.
ಏನಿಲ್ಲ ಹೋಗ್, ಅಂದ ಒಳಗಿನಂವ.
ಮತ್ತೊಮ್ಮಿ ಕೇಳಿದೆ. ಸಪ್ಪಳಿಲ್ಲ.
ಹೇಳಿದ್ನಲ್ಲರಿ ಒಳಗ. ನೀವ ಹೇಳಿದ್ರಿ ಅವ್ರಿಗೆ.”

ಕೇಳುವುದು.
ಕಿವಿಗೂ ಬಾಯಿಗೂ ನಮ್ಮಲ್ಲಿ ಒಂದೇ ಮಾತು.
ಮರಾಠಿಯವರು ಎರಡಿಟ್ಟುಕೊಂಡಿದ್ದಾರೆ,
ಹತ್ತಿರ ಸಿಕ್ಕದ್ದನ್ನು ನಾನು ಎತ್ತಿಕೊಂಡೆ.

ಮರುದಿನ ಪೇಪರು: ಹದಿನೇಳು ಮಂದಿಗೆ ಕೇಳಿಸಿತ್ತು,
ಒಬ್ಬರೂ ಏನೆಂದು ಕೇಳಲಿಲ್ಲ.

ಒಂದು ಅರ್ಜಿ ಸಾಕಿತ್ತು, ಬಿಳಿ ಹಾಳೆ, ಒಂದು ಸ್ಟಾಂಪು.
ಸರಕಾರಿ ವಕೀಲರು ನೋಡಿಕೊಂಡಾರು, ಅಂದುಕೊಂಡೆ.
ಶಿರಸ್ತೇದಾರ್ ಕಾಮತರಿಗೂ ಕನ್ನಡ ಬರುತ್ತದಲ್ಲ,
ಅವರೂ ಅಲ್ಲೇ ಕೂತಿದ್ದರಲ್ಲ.
ಆರೂ ಹನ್ನೆರಡರ ಗಾಡಿ ತಪ್ಪುತ್ತಿತ್ತು.

ಏಳು ವರ್ಷ. ಕೊಂದವನು ಒಳಗಿದ್ದಾನೆ.
ತೀರ್ಪಿನ ನಲವತ್ತೆರಡನೇ ಪ್ಯಾರಾದಲ್ಲಿ
ಇನ್ನೂ ಬಾಗಿಲಿಗೆ ಕಿವಿಯಿಟ್ಟು ನಿಂತಿದ್ದಾಳೆ ಗುರುಬಾಯಿ.
ಅಂಥವಳು ನಮಗೆ ಬೇಡ ಎಂದು
ಉಳಿದ ಹದಿನಾರು ಮಂದಿ ಸಭೆ ಸೇರಿ
ಮೆಟ್ಟಿಲ ಕೆಲಸ ಬಿಡಿಸಿದರಂತೆ.

ಈಗ ಎಲ್ಲಿದ್ದಾಳೋ.
ನಾನು ಕೇಳಿಲ್ಲ.